ಮಿಸ್ಸಿಗೆ ಏನಂತ ಹೇಳೋದು, ಏನು ಕೇಳೋದು: ಎಡಿಎಚ್‌ಡಿ ಇರೋ ಮಕ್ಕಳ ಅಪ್ಪ ಅಮ್ಮಂದಿರಿಗೆ

ನನ್ನ ಮಗನಿಗೆ ಎಡಿಎಚ್‌ಡಿ ಇದೆ, ಅಂದ್ರೆ ಗಮನ ಒಂದ್ಕಡೆ ನಿಲ್ಲಿಸೋಕೆ ಇಲ್ಲಾ ಸುಮ್ನೆ ಕೂರೋಕೆ ಕಷ್ಟ ಆಗೋ ತೊಂದ್ರೆ. ಅವನ ವಿಷಯ ಮಾತಾಡೋಕೆ ಮೊದಲನೇ ಸಲ ಸ್ಕೂಲಿಗೆ ಹೋದಾಗ ಕೈಯಲ್ಲಿ ಒಂದು ದಪ್ಪ ಫೈಲ್ ಹಿಡ್ಕೊಂಡು ಹೋಗಿದ್ದೆ, ಡಾಕ್ಟರ್ ರಿಪೋರ್ಟು, ನೆಟ್ಟಲ್ಲಿ ಸಿಕ್ಕಿದ್ದೆಲ್ಲಾ ಪ್ರಿಂಟ್ ತೆಗೆದು ಗೆರೆ ಎಳೆದಿದ್ದು, ಹೀಗೆ. ಇಪ್ಪತ್ತು ನಿಮಿಷ ಒಂದೇ ಸಮನೆ ಮಾತಾಡ್ದೆ, ಮೆದುಳು ಅಂದೆ, ಡೋಪಮೈನ್ ಅಂದೆ, ಕೊನೆಗೆ ಕಣ್ಣಲ್ಲಿ ನೀರೂ ಬಂತು. ಮಿಸ್ಸು ಪಾಪ ಪೂರ್ತಿ ಕೇಳಿಸ್ಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ್ರು. "ಸರಿ, ನಾಳೆ ಫಸ್ಟ್ ಪೀರಿಯಡ್‌ನಲ್ಲಿ ನಾನು ಏನು ಮಾಡ್ಲಿ ಹೇಳಿ." ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲಿಂದ ಕಲ್ತಿದ್ದೆಲ್ಲಾ ಆ ಪ್ರಶ್ನೆಗೆ ಉತ್ತರ ಅಷ್ಟೇ. ಕ್ಲಾಸ್ ತುಂಬಾ ಮಕ್ಕಳನ್ನ ಇಟ್ಕೊಂಡಿರೋ ಟೀಚರ್‌ಗೆ ನಿಮ್ಮ ಮಗೂಗೆ ಏನಿದೆ ಅನ್ನೋದಕ್ಕಿಂತ ನಾಳೆ ತಾನು ಏನು ಮಾಡ್ಬೋದು ಅನ್ನೋದು ಬೇಕಾಗಿರತ್ತೆ, ಅದನ್ನ ನಾವು ರೆಡಿ ಮಾಡ್ಕೊಂಡು ಹೋಗ್ಬೇಕು.

ಮೊದಲು ಒಂದು ನೋಟ್‌ಬುಕ್ ಇಡಿ, ಎರಡು ವಾರ ಸಾಕು. ಅದರಲ್ಲಿ "ಗಮನ ಕೊಡಲ್ಲ", "ಹಠ ಮಾಡ್ತಾನೆ" ಅಂತ ಬರೀಬೇಡಿ, ಅದರಿಂದ ಯಾರಿಗೂ ಏನೂ ಗೊತ್ತಾಗಲ್ಲ. ಯಾವ ದಿನ, ಯಾವ ಸಬ್ಜೆಕ್ಟು, ಏನಾಯ್ತು, ಅದಕ್ಕೆ ಮುಂಚೆ ಏನು ನಡೀತಿತ್ತು, ಇಷ್ಟು ಬರೀರಿ. ಸ್ಕೂಲ್ ನೋಟ್ಸುಗಳನ್ನ ಕೂತ್ಕೊಂಡು ಪುಟ ಪುಟ ನೋಡಿ. ನಮ್ಮವನ ಮ್ಯಾಥ್ಸ್ ನೋಟ್ಸಲ್ಲಿ ಒಂದು ಪುಟ ಇತ್ತು, ಬೋರ್ಡಿಂದ ಇಳಿಸ್ಕೋಬೇಕಾಗಿದ್ದ ಆರು ಲೆಕ್ಕ. ಮೊದಲೆರಡು ಮುತ್ತಿನಂಥ ಅಕ್ಷರ, ಉತ್ತರ ಸರಿ. ಮೂರನೇದ್ರಲ್ಲಿ 47 ಹೋಗಿ 74 ಆಗಿದೆ, ಆದ್ರೆ 74ಕ್ಕೆ ಉತ್ತರ ಸರಿಯಾಗೇ ಇದೆ! ನಾಲ್ಕನೇದು ಅರ್ಧಕ್ಕೆ ನಿಂತಿದೆ, ಐದು ಆರು ಇರಬೇಕಾದ ಜಾಗದಲ್ಲಿ ಒಂದು ರೈಲು, ಎಂಟು ಬೋಗಿ, ಕಿಟಕಿ ಸಮೇತ. ಕೆಳಗೆ ಕೆಂಪು ಇಂಕಲ್ಲಿ "ಅಪೂರ್ಣ". ಅವತ್ತು ಸಂಜೆ ಅದೇ ಆರು ಲೆಕ್ಕಾನ ನಾನು ಒಂದು ಹಾಳೆ ಮೇಲೆ ಬರೆದು ಕೊಟ್ಟೆ, ಕಾಲು ಗಂಟೇಲಿ ಮುಗಿಸ್ದ. ಅಂದ್ರೆ ಅವನಿಗೆ ಲೆಕ್ಕ ಬರತ್ತೆ, ಬೋರ್ಡ್ ನೋಡಿ, ತಲೇಲಿ ಇಟ್ಕೊಂಡು, ಪುಸ್ತಕಕ್ಕೆ ಇಳಿಸೋದ್ರೊಳಗೆ ಎಲ್ಲೋ ಕಳ್ದುಹೋಗತ್ತೆ. ಮುಂದಿನ ಮೀಟಿಂಗಿಗೆ ಆ ಪುಟ, ಈ ಹಾಳೆ ಎರಡನ್ನೇ ತಗೊಂಡು ಹೋದೆ, ದಪ್ಪ ಫೈಲ್ ಮನೇಲೇ ಇತ್ತು, ಮಿಸ್ಸಿಗೆ ಎರಡು ನಿಮಿಷದಲ್ಲಿ ಅರ್ಥ ಆಯ್ತು.

ಇನ್ನು ಹೆಸರಿನ ಗೊಂದಲ. "ನಿಮ್ಮ ಮಗಳು ಸುಮ್ನೆ ಕೂತಿರ್ತಾಳಲ್ಲ, ಹೈಪರ್ ಎಲ್ಲಿದಾಳೆ" ಅಂತ ಸ್ಕೂಲಲ್ಲಿ ಕೇಳೇ ಕೇಳ್ತಾರೆ. 1980ರಲ್ಲಿ ಇದಕ್ಕೆ ಎಡಿಡಿ, ಅಂದ್ರೆ ಗಮನದ ಕೊರತೆ ಅಂತ ಹೆಸರಿಟ್ರು, 1987ರಲ್ಲಿ ಹೈಪರ್‌ಆಕ್ಟಿವಿಟಿಯ ಎಚ್ ಸೇರಿ ಎಡಿಎಚ್‌ಡಿ ಅಂತ ಬದಲಾಯ್ತು, ಹಳೇ ಹೆಸರು ಜನರ ಬಾಯಲ್ಲಿ ಇನ್ನೂ ಓಡಾಡ್ತಿದೆ. ಈಗ ಅದರಲ್ಲೇ ಮೂರು ಥರ ಹೇಳ್ತಾರೆ, ಗಮನದ ತೊಂದ್ರೆ ಜಾಸ್ತಿ ಇರೋದು, ಚಡಪಡಿಕೆ ಜಾಸ್ತಿ ಇರೋದು, ಎರಡೂ ಇರೋದು. ಕಿಟಕಿ ಹೊರಗೆ ನೋಡ್ಕೊಂಡು ತನ್ನದೇ ಲೋಕದಲ್ಲಿ ಇರೋ ಮಗೂದು ಮೊದಲನೇ ಥರ ಇರ್ಬೋದು, ಗಲಾಟೆ ಮಾಡಲ್ಲ ಅಂತ ಅವರನ್ನ ಯಾರೂ ಗಮನಿಸಲ್ಲ, ಹುಡುಗೀರಲ್ಲಿ ಇದು ತುಂಬಾ ಸಲ ವರ್ಷಗಟ್ಟಲೆ ಹಾಗೇ ತಪ್ಪಿಹೋಗತ್ತೆ.

ಡಯಾಗ್ನೋಸಿಸ್ ಇನ್ನೂ ಆಗಿಲ್ಲ ಅಂದ್ರೆ ಟೀಚರ್ ಸಹಾಯ ಅಲ್ಲೂ ಬೇಕು. 2013ರ ಡಿಎಸ್‌ಎಂ-5, ಅಂದ್ರೆ ಡಾಕ್ಟರುಗಳು ಡಯಾಗ್ನೋಸಿಸ್‌ಗೆ ನೋಡೋ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಅದರ ಪ್ರಕಾರ ಮಕ್ಕಳಲ್ಲಿ ಗಮನದ ಇಲ್ಲಾ ಚಡಪಡಿಕೆಯ ಒಂಬತ್ತು ಲಕ್ಷಣದಲ್ಲಿ ಕನಿಷ್ಠ ಆರು, ಕನಿಷ್ಠ 6 ತಿಂಗಳಿಂದ ಇರ್ಬೇಕು, ಕೆಲವಾದ್ರೂ 12 ವರ್ಷದೊಳಗೆ ಕಾಣಿಸಿರ್ಬೇಕು, ಮತ್ತೆ ಒಂದೇ ಕಡೆ ಅಲ್ಲ, ಮನೆ ಸ್ಕೂಲು ಹೀಗೆ ಎರಡು ಕಡೆ ಆದ್ರೂ ಕಾಣ್ಬೇಕು. ಅದಕ್ಕೇ ಡಾಕ್ಟರು ಟೀಚರ್ ತುಂಬೋಕೆ ಬೇರೆ ಫಾರಂ ಕೊಡ್ತಾರೆ, 6ರಿಂದ 12 ವರ್ಷದವರಿಗೆ ವ್ಯಾಂಡರ್‌ಬಿಲ್ಟ್ ಅನ್ನೋದು ತುಂಬಾ ಕಡೆ ಬಳಸ್ತಾರೆ. ಒಂದು ಮಾತು, ಆ ಫಾರಂನ ಮಗು ಬ್ಯಾಗಲ್ಲಿ ಇಟ್ಟು ಕಳಿಸ್ಬೇಡಿ, ಅದು ತಲುಪೋ ಹಾಗಿದ್ರೆ ಈ ಫಾರಂ ಯಾಕೆ ಬೇಕಿತ್ತು ಹೇಳಿ. ನೀವೇ ಹೋಗಿ ಕೈಗೆ ಕೊಡಿ, ಒಂದು ವಾರ ಟೈಮ್ ಕೊಡಿ. ಕಣ್ಣು, ಕಿವಿ, ನಿದ್ದೆ ಇವನ್ನೂ ಚೆಕ್ ಮಾಡಿಸಿ, ಓದೋದ್ರಲ್ಲಿ ಬರೆಯೋದ್ರಲ್ಲಿ ಬೇರೆ ಕಲಿಕೆಯ ತೊಂದ್ರೆ ಇದೆಯಾ ಅಂತಾನೂ ಕೇಳಿ, ಜೊತೆಜೊತೆಗೇ ಇರೋದು ಅಪರೂಪ ಅಲ್ಲ. ರಿಪೋರ್ಟ್ ಬರೋವರೆಗೂ ಎಲ್ಲದಕ್ಕೂ ಕಾಯಬೇಕಂತಿಲ್ಲ, ಜಾಗ ಬದಲಾಯಿಸೋಕೆ ಯಾವ ರಿಪೋರ್ಟೂ ಬೇಡ.

ಮೀಟಿಂಗ್ ಅಂದ್ರೆ ಬೆಳಗ್ಗೆ ಗೇಟ್ ಹತ್ರ ನಿಂತು ಮಾತಾಡೋದಲ್ಲ, ಮೊದಲೇ ಟೈಮ್ ಕೇಳಿ, "ಅರ್ಧ ಗಂಟೆ ಬೇಕು, ಎರಡು ಮೂರು ವಿಷಯ ಅಷ್ಟೇ" ಅಂತ ಬರೆದು ಕಳಿಸಿ. ಸಾಧ್ಯ ಆದ್ರೆ ಇಬ್ಬರು ಹೋಗಿ, ಒಬ್ರು ಮಾತಾಡಿದ್ರೆ ಇನ್ನೊಬ್ರು ಬರ್ಕೊಳ್ಳಿ. ಹೋದ ತಕ್ಷಣ ನಿಮ್ಮ ಕಥೆ ಶುರು ಮಾಡ್ಬೇಡಿ, ಅವರನ್ನ ಕೇಳಿ, "ನಿಮ್ಮ ಕ್ಲಾಸಲ್ಲಿ ಅವನು ಯಾವ ಹೊತ್ತಲ್ಲಿ ಚೆನ್ನಾಗಿ ಕೂತಿರ್ತಾನೆ ಮಿಸ್?" ಈ ಪ್ರಶ್ನೆಗೆ ಬರೋ ಉತ್ತರ ಬಂಗಾರ ಕಣ್ರೀ. ನಮ್ಮ ಮಿಸ್ಸು ಯೋಚ್ನೆ ಮಾಡಿ, ಸೈನ್ಸ್ ಪ್ರಯೋಗ ಇದ್ದಾಗ, ಪುಸ್ತಕ ಹಂಚೋಕೆ ಹೇಳ್ದಾಗ ಅಂದ್ರು, ಅಂದ್ರೆ ಕೈಕಾಲಿಗೆ ಕೆಲಸ ಇದ್ದಾಗ, ಅರ್ಧ ಪ್ಲಾನ್ ಅಲ್ಲೇ ಸಿಕ್ತು.

ಈಗ ಏನು ಕೇಳೋದು. ಹತ್ತು ಕೇಳಿದ್ರೆ ಒಂದೂ ಆಗಲ್ಲ, ಮೂರು ಕೇಳಿ, ಅದೂ ಟೀಚರ್‌ಗೆ ಹೆಚ್ಚು ಹೊರೆ ಆಗದೇ ಇರೋದನ್ನ ಮೊದಲು.

ಸೀಟಿನ ವಿಷಯ ಎಲ್ರೂ ಹೇಳ್ತಾರೆ, "ಮುಂದೆ ಕೂರಿಸಿ" ಅಂತ, ಆದ್ರೆ ಮುಂದಿನ ಸಾಲಲ್ಲಿ ಬಾಗಿಲ ಪಕ್ಕ ಕೂರಿಸಿದ್ರೆ ಹಿಂದಿನ ಬೆಂಚೇ ವಾಸಿ, ಕಾರಿಡಾರಲ್ಲಿ ಯಾರು ಹೋದ್ರೂ ತಲೆ ಆ ಕಡೆ ತಿರುಗತ್ತೆ. ಬಾಗಿಲು ಕಿಟಕಿಯಿಂದ ದೂರ, ಟೀಚರ್ ಕೈಗೆ ಸಿಗೋ ಹಾಗೆ, ಪಕ್ಕದಲ್ಲಿ ಸಮಾಧಾನದ ಮಗು, ಹೀಗೆ ಬಿಡಿಸಿ ಕೇಳಿ. ಎರಡನೇದು ಸೂಚನೆ. "ಪುಸ್ತಕ ತೆಗೀರಿ, 42ನೇ ಪುಟ, ಮೂರನೇ ಪ್ರಶ್ನೆಯಿಂದ ಮಾಡಿ, ಮುಗಿದ್ಮೇಲೆ ಟೇಬಲ್ ಮೇಲೆ ಇಡಿ" ಅಂತ ಒಂದೇ ಉಸಿರಲ್ಲಿ ಹೇಳಿದ್ರೆ ಇವರು ಪುಸ್ತಕ ತೆಗೆಯೋಷ್ಟರಲ್ಲಿ ಉಳಿದಿದ್ದು ಹಾರಿಹೋಗಿರತ್ತೆ, ಕೇಳಿಸ್ಕೊಂಡಿಲ್ಲ ಅಂತಲ್ಲ, ಅಷ್ಟೊಂದನ್ನ ಹಿಡಿದಿಟ್ಕೊಳ್ಳೋ ಜಾಗ ತಲೇಲಿ ಕಮ್ಮಿ. ಒಂದೊಂದೇ ಹೇಳೋದು ಇಲ್ಲಾ ಬೋರ್ಡ್ ಮೂಲೇಲಿ ಬರೆದಿಡೋದು, ಇಷ್ಟು ಸಾಕು. ಮೂರನೇದು ಯಾರಿಗೂ ಗೊತ್ತಾಗದ ಸನ್ನೆ, ಡೆಸ್ಕ್ ಮೇಲೆ ಮೆಲ್ಲಗೆ ಎರಡು ಬೆರಳು ತಟ್ಟಿ ಮುಂದೆ ಹೋಗೋದು. ಕ್ಲಾಸಲ್ಲಿ ದಿನಕ್ಕೆ ಇಪ್ಪತ್ತು ಸಲ ಹೆಸರು ಕೂಗಿಸ್ಕೊಂಡ ಮಗೂಗೆ ಸ್ನೇಹಿತರೂ ಉಳಿಯಲ್ಲ, ಇದನ್ನ ಟೀಚರ್‌ಗೆ ಹೀಗೇ ಹೇಳಿ.

ಆಟದ ಟೈಮ್ ಕಟ್ ಮಾಡಿ ಕೂರಿಸಿ ಬರೆಸೋದು, ಇದನ್ನ ಮಾತ್ರ ಖಡಾಖಂಡಿತ ಬೇಡ ಅನ್ನಿ. ಓಡಾಡಿದ್ರೆ ಮುಂದಿನ ಪೀರಿಯಡ್ ಕೂರೋಕೆ ಆಗತ್ತೆ, ಅದನ್ನೇ ಕಿತ್ಕೊಂಡ್ರೆ ಮಧ್ಯಾಹ್ನ ಅನುಭವಿಸೋರು ಟೀಚರೇ. ಎಲ್ರ ಮುಂದೆ ನಿಲ್ಲಿಸಿ ಬೈಯೋದೂ ಹಾಗೇ, ಇಲ್ಲಿ ನಾನು ನಯವಾಗಿ ಮಾತಾಡೋದು ಬಿಟ್ಟಿದೀನಿ.

ಹೋಮ್‌ವರ್ಕಿಗೆ ನಮಗೆ ಕೆಲಸ ಮಾಡಿದ್ದು, ಇಷ್ಟು ಪ್ರಶ್ನೆ ಅನ್ನೋ ಬದಲು ಇಷ್ಟು ಹೊತ್ತು ಅಂತ ಮಾಡ್ಕೊಂಡಿದ್ದು, ಅರ್ಧ ಗಂಟೆ ನಿಜವಾಗ್ಲೂ ಕೂತು ಮಾಡಿದ್ರೆ ಅಲ್ಲಿಗೆ ನಿಲ್ಲಿಸಿ ನಾನು ಸೈನ್ ಹಾಕ್ತೀನಿ. ಡೈರಿ ಬರ್ಕೊಂಡಿದಾನಾ ಅಂತ ಸ್ಕೂಲ್ ಬಿಡೋ ಮುಂಚೆ ಯಾರಾದ್ರೂ ಒಂದು ಕಣ್ಣು ಹಾಯಿಸ್ಬೇಕು. ಪುಸ್ತಕ ಇನ್ನೊಂದು ಸೆಟ್ ಮನೇಲಿ ಇದ್ರೆ ಅರ್ಧ ಜಗಳ ಕಮ್ಮಿ.

ಪರೀಕ್ಷೆಗೆ ಎಕ್ಸ್‌ಟ್ರಾ ಟೈಮ್ ಕೇಳೋದು ಎಲ್ರಿಗೂ ಗೊತ್ತಿರೋದೇ, ನನ್ನ ಪ್ರಕಾರ ಅದೊಂದೇ ಸಾಲದು, ಗಮನ ಒಂದು ಗಂಟೆಗೇ ಖಾಲಿಯಾದ ಮಗೂಗೆ ಇನ್ನರ್ಧ ಗಂಟೆ ಕೊಟ್ರೆ ಇನ್ನರ್ಧ ಗಂಟೆ ರೈಲು ಬಿಡಿಸ್ತಾನೆ. ಸದ್ದಿಲ್ಲದ ಜಾಗ, ಮಧ್ಯೆ ಐದು ನಿಮಿಷ ಬ್ರೇಕು, "ಪೇಪರ್ ತಿರುಗಿಸಿ ನೋಡಿದ್ಯಾ" ಅಂತ ಒಂದು ನೆನಪು, ಇವನ್ನ ಸೇರಿಸಿ ಕೇಳಿ. ದೊಡ್ಡ ಪರೀಕ್ಷೆ ಆದ್ರೆ ಅದಕ್ಕೆ ಅರ್ಜಿ, ರಿಪೋರ್ಟು, ಕೊನೇ ದಿನಾಂಕ ಅಂತ ಇರತ್ತೆ, ವರ್ಷದ ಶುರುವಲ್ಲೇ ವಿಚಾರಿಸಿ.

ದಿನದ ಕಾರ್ಡ್ ಅಂತ ಒಂದಿದೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಲಸ ಮಾಡೋದು. ಒಂದು ಸಣ್ಣ ಚೀಟಿ, ಅದರಲ್ಲಿ ಮೂರೋ ನಾಲ್ಕೋ ಸಾಲು, ಪ್ರತಿ ಪೀರಿಯಡ್ ಆದ್ಮೇಲೆ ಟೀಚರ್ ಹೌದು ಇಲ್ಲ ಅಂತ ಒಂದು ಟಿಕ್. "ಗಲಾಟೆ ಮಾಡ್ಲಿಲ್ಲ" ಅಂತ ಬರೀಬೇಡಿ, "ಕೈ ಎತ್ತಿ ಮಾತಾಡ್ದ", "ಹೇಳಿದ ಐದು ನಿಮಿಷದೊಳಗೆ ಕೆಲಸ ಶುರು ಮಾಡ್ದ" ಅಂತ ಕಣ್ಣಿಗೆ ಕಾಣೋ ಹಾಗೆ ಬರೀರಿ. ಶುರುವಲ್ಲಿ ಗುರಿ ಸುಲಭ ಇರ್ಲಿ, ಮೊದಲ ವಾರ ಅವನು ಗೆಲ್ಲಲೇಬೇಕು. ಬಹುಮಾನ ಅವತ್ತೇ ಸಂಜೆ ಮನೇಲಿ, ಇನ್ನೊಂದು ಕಥೆ, ಅರ್ಧ ಗಂಟೆ ಜಾಸ್ತಿ ಆಟ, ಹೀಗೆ. ವರ್ಷದ ಕೊನೇಲಿ ಸೈಕಲ್ ಕೊಡಿಸ್ತೀನಿ ಅನ್ನೋದು ಈ ಮಕ್ಕಳಿಗೆ ಬೇರೆ ಗ್ರಹದ ಸುದ್ದಿ. ಕಾರ್ಡ್ ಸೋತ ದಿನ ಬೈಬೇಡಿ, ನಾಳೆ ಹೊಸ ಕಾರ್ಡು.

ಸ್ಕೂಲಿಂದ ಬರೋ ಮಾತುಗಳಿಗೆ ರೆಡಿ ಇರಿ. "ಬುದ್ಧಿವಂತ, ಆದ್ರೆ ಸೋಮಾರಿ. ನಿನ್ನೆ ಮಾಡ್ದ, ಇವತ್ತು ಯಾಕಾಗಲ್ಲ?" ಒಂದಿನ ಆಗೋದು ಇನ್ನೊಂದಿನ ಆಗದೇ ಇರೋದೇ ಎಡಿಎಚ್‌ಡಿ ಅನ್ನಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 2007ರಲ್ಲಿ ಮಕ್ಕಳ ಮೆದುಳಿನ ಸ್ಕ್ಯಾನುಗಳನ್ನ ಹೋಲಿಸಿ ನೋಡಿದ್ರು, ಮೆದುಳಿನ ಹೊರಪದರ ಬೆಳೆಯೋ ಒಂದು ಹಂತಕ್ಕೆ ಬೇರೆ ಮಕ್ಕಳು ಹೆಚ್ಚೂಕಮ್ಮಿ 7.5 ವರ್ಷಕ್ಕೆ ಬಂದ್ರೆ ಎಡಿಎಚ್‌ಡಿ ಮಕ್ಕಳು 10.5ಕ್ಕೆ ಬಂದ್ರಂತೆ, ಕ್ರಮ ಅದೇ, ತಡ ಅಷ್ಟೇ. "ಇವನೊಬ್ಬನಿಗೆ ಮಾಡಿದ್ರೆ ಎಲ್ರಿಗೂ ಮಾಡ್ಬೇಕಾಗತ್ತೆ" ಅಂತಾರೆ. ಎಲ್ರಿಗೂ ಮಾಡಿ ಮೇಡಂ ಅನ್ನಿ, ಬೋರ್ಡ್ ಮೇಲೆ ಬರೆದಿಟ್ರೆ ಯಾರಿಗೆ ನಷ್ಟ?

"ಮಾತ್ರೆ ಶುರು ಮಾಡಿ" ಅಂತ ಸ್ಕೂಲು ಹೇಳಿದ್ರೆ, ಅದು ಡಾಕ್ಟ್ರು ನಾವು ಕೂತು ತೀರ್ಮಾನ ಮಾಡೋದು ಅಂತ ಅಲ್ಲೇ ಮುಗಿಸಿ. ತಗೋತಾ ಇದ್ರೆ ಕ್ಲಾಸ್ ಟೀಚರ್‌ಗೆ ಗೊತ್ತಿರೋದು ಒಳ್ಳೇದು, ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಮಾತ್ರೇಲಿ ಬೇಗ ಕೆಲಸ ಮಾಡೋ ಥರದ್ದರ ಪರಿಣಾಮ ಸುಮಾರು ನಾಲ್ಕು ಗಂಟೆ ಇರತ್ತೆ, ಯಾವ ಪೀರಿಯಡ್‌ನಲ್ಲಿ ಅದು ಇಳೀತಿದೆ ಅಂತ ಟೀಚರ್ ಹೇಳಿದ್ರೆ ಡಾಕ್ಟರಿಗೂ ಉಪಯೋಗ, ಹಸಿವು ಕಮ್ಮಿ ಆಗಿ ಊಟದ ಡಬ್ಬಿ ಹಾಗೇ ವಾಪಸ್ ಬರ್ಬೋದು ಅದೂ ಗೊತ್ತಿರ್ಲಿ. ಆದ್ರೆ ಕ್ಲಾಸಿನ ಮಧ್ಯೆ "ಇವತ್ತು ಮಾತ್ರೆ ತಗೊಂಡ್ಯೋ ಇಲ್ವೋ" ಅಂತ ಯಾರೂ ಕೇಳಬಾರದು, ಇದನ್ನ ಮೊದಲೇ ಹೇಳ್ಬಿಡಿ.

ಮೀಟಿಂಗ್ ಮುಗಿದ ರಾತ್ರೀನೇ ಒಂದು ಮೇಲ್ ಹಾಕಿ, ನೆನಪು ಹಸಿ ಇದ್ದಾಗ. ನಾನು ಹೀಗೆ ಬರೀತೀನಿ:

"ನಮಸ್ತೆ ಮೇಡಂ, ಇವತ್ತು ಟೈಮ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನಾವು ಮಾತಾಡ್ಕೊಂಡಿದ್ದು: ಸೋಮವಾರದಿಂದ ಅವನ ಜಾಗ ಎರಡನೇ ಸಾಲಿನ ಮಧ್ಯಕ್ಕೆ, ಮ್ಯಾಥ್ಸ್ ಲೆಕ್ಕ ಬೋರ್ಡಿಂದ ಇಳಿಸೋ ಬದಲು ಹಾಳೇಲಿ, ದಿನದ ಕಾರ್ಡಿಗೆ ಕೊನೇ ಪೀರಿಯಡ್‌ನಲ್ಲಿ ನಿಮ್ಮ ಸೈನ್. ನಮ್ಮ ಕಡೆಯಿಂದ ದಿನಾ ರಾತ್ರಿ ಬ್ಯಾಗ್ ಚೆಕ್ ಮಾಡೋದು. ಐದು ವಾರ ಬಿಟ್ಟು ಮತ್ತೆ ಸಿಗೋಣ. ಏನಾದ್ರೂ ಬಿಟ್ಟುಹೋಗಿದ್ರೆ ತಿಳಿಸಿ."

ಇದರಲ್ಲಿ ದೂರು ಇಲ್ಲ, ಆದ್ರೆ ದಾಖಲೆ ಆಯ್ತು. ಟೀಚರ್ ಬದಲಾದ್ರೂ ಇದು ಉಳಿಯತ್ತೆ. ಐದು ವಾರ ಆದ್ಮೇಲೆ ಕೆಲಸ ಮಾಡದೇ ಇರೋದನ್ನ ಬಿಟ್ಟು ಬೇರೆ ಟ್ರೈ ಮಾಡಿ. ಏನೂ ನಡೀತಿಲ್ಲ ಅಂದ್ರೆ ಕೌನ್ಸೆಲರ್, ಆಮೇಲೆ ಹೆಡ್, ಹೀಗೆ ಒಂದೊಂದೇ ಮೆಟ್ಟಿಲು, ಪ್ರತಿ ಸಲ ಹಿಂದಿನ ಮೇಲ್ ಸೇರಿಸಿ. "ಆಗಲ್ಲ" ಅಂದ್ರೆ ಅದನ್ನೇ ಬರವಣಿಗೇಲಿ ಕೊಡಿ, ಯಾವ ನಿಯಮದ ಪ್ರಕಾರ ಆಗಲ್ಲ ಅಂತ ಕೇಳಿ. ಬಾಯಲ್ಲಿ ಸಲೀಸಾಗಿ ಬರೋ "ಆಗಲ್ಲ" ಕಾಗದದ ಮೇಲೆ ಬರೋವಾಗ ಎಷ್ಟೋ ಸಲ "ನೋಡೋಣ" ಆಗಿರತ್ತೆ. ನಿಮ್ಮ ಕಡೆ ಕಾನೂನು ಏನಿದೆ ಅಂತ ಓದ್ಕೊಂಡಿರಿ, ಆದ್ರೆ ಮೊದಲ ಮೀಟಿಂಗಲ್ಲೇ ಅದನ್ನ ಬೀಸಬೇಡಿ. ಚೆನ್ನಾಗಿ ಹೋದ ದಿನಾನೂ ಎರಡು ಸಾಲು ಬರೆದು ಕಳಿಸಿ, ಟೀಚರ್‌ಗೆ ನಮ್ಮ ಹೆಸರು ಇನ್‌ಬಾಕ್ಸಲ್ಲಿ ಕಂಡ್ರೇನೇ ಹೊಟ್ಟೆ ತೊಳಸಬಾರದು.

ಎಂಟೊಂಬತ್ತು ವರ್ಷ ಆದ್ಮೇಲೆ ಮಗೂನೇ ಕೇಳೋದು ಕಲೀಲಿ. "ಮಿಸ್, ಎರಡನೇದು ತಪ್ಪಿಹೋಯ್ತು, ಇನ್ನೊಂದ್ಸಲ ಹೇಳ್ತೀರಾ" ಅನ್ನೋ ಒಂದೇ ವಾಕ್ಯಾನ ನಾವು ಮನೇಲಿ ಎಷ್ಟು ಸಲ ಆಡಿದೀವೋ ಲೆಕ್ಕ ಇಲ್ಲ, ನಾನು ಮಿಸ್ಸು ಅವನು ಅವನೇ, ಆಮೇಲೆ ಅವನು ಮಿಸ್ಸು ನಾನು ಅವನು, ಅವನು ಮಿಸ್ ಆದಾಗ ಭಾರೀ ಸ್ಟ್ರಿಕ್ಟು.

ಪ್ರತಿ ವರ್ಷ ಹೊಸ ಟೀಚರ್‌ಗೆ ಕ್ಲಾಸ್ ಶುರುವಾಗೋ ವಾರದಲ್ಲೇ ಒಂದು ಪುಟದ ಕಾಗದ ಕೊಡ್ತೀನಿ, ಅವನಿಗೆ ಏನು ಇಷ್ಟ, ಯಾವಾಗ ಕಷ್ಟ, ಹೋದ ವರ್ಷ ಏನು ಕೆಲಸ ಮಾಡ್ತು, ಅಷ್ಟೇ. ಈ ವರ್ಷ ಕೆಳಗೆ ಎರಡು ಗೆರೆ ಖಾಲಿ ಬಿಟ್ಟು ನೀನೇನಾದ್ರೂ ಬರೀತೀಯಾ ಅಂದೆ. ಪೆನ್ಸಿಲ್ ಕಚ್ಕೊಂಡು ತುಂಬಾ ಹೊತ್ತು ಕೂತಿದ್ದು ಬರೆದ: "ಪೆನ್ಸಿಲ್ ಕೆಳಗೆ ಬಿದ್ರೆ ನಾನು ಬೇಕಂತ ಬೀಳಿಸಿದ್ದಲ್ಲ ಮಿಸ್."