ಗೋಲ್ಡನ್ ಗೇಟ್ ಪಾರ್ಕಿಗೆ ಕಾರಿನಲ್ಲಿ ಹೊರಡುವ ಮುನ್ನ: ಹೊಸಬರಿಗೆ ಮಾರ್ಗದರ್ಶಿ

ಬೇ ಏರಿಯಾಕ್ಕೆ ಬಂದಿಳಿದ ನಮ್ಮ ಕುಟುಂಬಗಳು ಮನೆ, ಮಕ್ಕಳ ಶಾಲೆ, ಡ್ರೈವಿಂಗ್ ಲೈಸೆನ್ಸ್ ಇವೆಲ್ಲ ಒಂದು ಹದಕ್ಕೆ ಬಂದ ಮೇಲೆ ಮೊದಲು ಹೊರಡುವುದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿಗೆ. ಉದ್ಯಾನದ ಸೊಬಗನ್ನು ನೀವೇ ಹೋಗಿ ನೋಡುತ್ತೀರಿ. ಅದನ್ನು ನಾವು ವರ್ಣಿಸುವ ಅಗತ್ಯವಿಲ್ಲ. ಆದರೆ ಅಲ್ಲಿ ಗಾಡಿ ನಿಲ್ಲಿಸುವ ವಿಷಯದಲ್ಲಿ ನಮ್ಮ ಕನ್ನಡ ಸಂಘದ ಹಳಬರಲ್ಲಿ ಕೈ ಸುಟ್ಟುಕೊಳ್ಳದವರು ವಿರಳವಾದ್ದರಿಂದ, ಅಷ್ಟನ್ನು ವಿವರವಾಗಿ ಬರೆಯುತ್ತಿದ್ದೇವೆ.

ಒಂದು ಮಾತನ್ನು ಆರಂಭದಲ್ಲೇ ಮನದಟ್ಟು ಮಾಡಿಕೊಳ್ಳಬೇಕು. ಊರಿನಲ್ಲಿ ಗಾಡಿ ನಿಲ್ಲಿಸುವಾಗ ಕೇಳಲು ಯಾರಾದರೊಬ್ಬರು ಇರುತ್ತಾರೆ: ಸೀಟಿ ಊದುತ್ತಾ ಚೀಟಿ ಹರಿದುಕೊಡುವ ಹುಡುಗ, ಎದುರಿನ ಅಂಗಡಿಯವರು, ಅಪಾರ್ಟ್‌ಮೆಂಟಿನ ವಾಚ್‌ಮನ್. "ಐದೇ ನಿಮಿಷ ಅಣ್ಣಾ" ಎಂದರೆ ಕೆಲಸ ಆಗಿಬಿಡುತ್ತದೆ. ಇಲ್ಲಿ ಆ ಮಾತನ್ನೆಲ್ಲ ಕಂಬದ ಮೇಲಿನ ಫಲಕ ಮತ್ತು ರಸ್ತೆಯಂಚಿನ ಬಣ್ಣ ಮೊದಲೇ ಹೇಳಿ ಮುಗಿಸಿರುತ್ತವೆ. ಅವನ್ನು ಓದದೆ ಇಳಿದು ಹೋದವರ ಬಳಿ ಆಮೇಲೆ ವಾದಿಸಲು ಏನೂ ಉಳಿದಿರುವುದಿಲ್ಲ.

ಎಲ್ಲಿಗೆ ಎಂಬುದನ್ನು ಮೊದಲು ತೀರ್ಮಾನಿಸಿ

ಪ್ರಸಿದ್ಧವಾದ ಕೆಂಪು ಗೋಲ್ಡನ್ ಗೇಟ್ ಸೇತುವೆ ಈ ಉದ್ಯಾನದಲ್ಲಿಲ್ಲ. ಹೆಸರು ನೋಡಿ ಮೋಸಹೋಗಬೇಡಿ. ಉದ್ಯಾನದ ವಿಸ್ತಾರ 1,017 ಎಕರೆ, ಅಂದರೆ ನಮ್ಮ ಲಾಲ್‌ಬಾಗಿನ ನಾಲ್ಕು ಪಟ್ಟಿಗೂ ಹೆಚ್ಚು. ಪೂರ್ವದ ಸ್ಟಾನ್ಯನ್ ಬೀದಿಯಿಂದ ಪಶ್ಚಿಮದ ಸಮುದ್ರತೀರದವರೆಗೆ ಮೂರು ಮೈಲಿಗೂ ಹೆಚ್ಚು ಉದ್ದವಿದೆ. ಒಂದು ತುದಿಯಲ್ಲಿ ಕಾರು ನಿಲ್ಲಿಸಿ ಇನ್ನೊಂದು ತುದಿಯ ಗಾಳಿಯಂತ್ರಗಳನ್ನು ನೋಡಲು ಪುಟ್ಟ ಮಕ್ಕಳೊಂದಿಗೆ ನಡೆದರೆ ಅರ್ಧ ದಿನ ದಾರಿಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಫೋನಿನ ಮ್ಯಾಪಿನಲ್ಲಿ ಉದ್ಯಾನದ ಹೆಸರನ್ನಷ್ಟೇ ಹಾಕದೆ ನೀವು ನೋಡಬೇಕೆಂದಿರುವ ಸ್ಥಳದ ಹೆಸರನ್ನೇ ಹಾಕಿರಿ.

ವಿಜ್ಞಾನ ಸಂಗ್ರಹಾಲಯವಾದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್, ಡಿ ಯಂಗ್ ಕಲಾ ಸಂಗ್ರಹಾಲಯ ಮತ್ತು ಜಪಾನೀ ಟೀ ಗಾರ್ಡನ್ ಮೂರೂ ಮ್ಯೂಸಿಕ್ ಕಾಂಕೋರ್ಸ್ ಎಂಬ ಚೌಕದ ಸುತ್ತ ಇವೆ. ಆ ಚೌಕದ ನೆಲದಡಿಯಲ್ಲೇ ಹಣ ಕೊಟ್ಟು ನಿಲ್ಲಿಸುವ ದೊಡ್ಡ ಗ್ಯಾರೇಜ್ ಇದೆ. ಫುಲ್ಟನ್ ಬೀದಿಗೆ 10ನೇ ಅವೆನ್ಯೂ ಸೇರುವಲ್ಲಿ ಅದರ ಉತ್ತರದ ಬಾಗಿಲು ಸಿಗುತ್ತದೆ. ಉದ್ಯಾನದ ಒಳಗಿನಿಂದ, ದಕ್ಷಿಣದ ಕಡೆಯಿಂದಲೂ ಪ್ರವೇಶವಿದೆ. ಇದು ಅಗ್ಗದ ಜಾಗವಲ್ಲ. ಆದರೂ ಮೊದಲ ಸಲ ಹೋಗುವವರು, ಅದರಲ್ಲೂ ಹಿರಿಯರನ್ನೋ ಕೈಗೂಸನ್ನೋ ಕರೆದೊಯ್ಯುವವರು ಇಲ್ಲೇ ನಿಲ್ಲಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ನಾಲ್ಕು ಡಾಲರ್ ಉಳಿಸಲು ಮುಕ್ಕಾಲು ಗಂಟೆ ಬೀದಿ ಸುತ್ತಿ, ಮನೆಯವರ ಮುಖ ಗಂಟಿಕ್ಕುವಂತೆ ಮಾಡಿ, ಕೊನೆಗೆ ದಂಡದ ಟಿಕೆಟನ್ನೂ ಹಾಕಿಸಿಕೊಳ್ಳುವುದರಲ್ಲಿ ಜಾಣತನವೇನೂ ಇಲ್ಲ.

ಉದ್ಯಾನದ ಪೂರ್ವಭಾಗದ ಮುಖ್ಯ ರಸ್ತೆಯಾದ ಜೆಎಫ್‌ಕೆ ಡ್ರೈವ್‌ನಲ್ಲಿ ಕೀಸಾರ್ ಡ್ರೈವ್‌ನಿಂದ ಟ್ರಾನ್ಸ್‌ವರ್ಸ್ ಡ್ರೈವ್‌ವರೆಗೆ ಕಾರುಗಳಿಗೆ ಪ್ರವೇಶವಿಲ್ಲ. 2020ರಲ್ಲಿ ಕೋವಿಡ್ ಕಾಲದಲ್ಲಿ ಮುಚ್ಚಿದ ಈ ಭಾಗವನ್ನು 2022ರಲ್ಲಿ ಶಾಶ್ವತವಾಗಿ ನಡೆಯುವವರಿಗೆ ಮತ್ತು ಸೈಕಲ್ ಸವಾರರಿಗೆ ಬಿಟ್ಟುಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ನಗರದ ಮತದಾರರೂ ಅದನ್ನು ಒಪ್ಪಿದರು. ಕಬ್ಬನ್ ಪಾರ್ಕಿನ ರಸ್ತೆಗಳು ಭಾನುವಾರ ಮುಚ್ಚಿರುವುದನ್ನು ಕಂಡವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ವಾರದ ಏಳು ದಿನವೂ ಹೀಗೆಯೇ. 1879ರಲ್ಲಿ ತೆರೆದ ಗಾಜಿನ ಮನೆ, ಅಂದರೆ ಕನ್ಸರ್ವೇಟರಿ ಆಫ್ ಫ್ಲವರ್ಸ್, ಈ ರಸ್ತೆಯ ಮೇಲೆಯೇ ಇರುವುದರಿಂದ ಅದರ ಎದುರಿಗೇ ಕಾರು ತಂದು ನಿಲ್ಲಿಸುವ ಆಸೆಯನ್ನು ಬಿಡಬೇಕು. ಪಶ್ಚಿಮದಲ್ಲಿ, ಬೈಸನ್‌ಗಳ ಆವರಣದಿಂದಾಚೆಗೆ, ಉದ್ಯಾನದೊಳಗಿನ ರಸ್ತೆಬದಿಯಲ್ಲಿ ಜಾಗ ಸಿಗುವುದು ಹೆಚ್ಚು ಸುಲಭ. ವಾರಾಂತ್ಯಗಳಲ್ಲಿ ಉದ್ಯಾನದೊಳಗೆ ಉಚಿತ ಶಟಲ್ ಕೂಡ ಓಡುತ್ತದೆ. ಸಮುದ್ರತೀರದ ಗ್ರೇಟ್ ಹೈವೇಯ ದಕ್ಷಿಣ ಭಾಗ 2025ರ ಏಪ್ರಿಲಿನಿಂದ ಸನ್‌ಸೆಟ್ ಡ್ಯೂನ್ಸ್ ಎಂಬ ಉದ್ಯಾನವಾಗಿದೆ. ಹಳಬರು ಹೇಳಿದ ಆ ಬಳಸುದಾರಿಯನ್ನು ನಂಬಿ ಹೋಗಬೇಡಿ.

ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಓದಿ

ಒಂದೇ ಕಂಬದ ಮೇಲೆ ಎರಡು ಮೂರು ಫಲಕಗಳಿರುವುದು ಇಲ್ಲಿ ಸಾಮಾನ್ಯ. ಅವುಗಳಲ್ಲಿ ನಿಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುವಂತಿಲ್ಲ; ಎಲ್ಲವೂ ಒಟ್ಟಿಗೆ ಅನ್ವಯಿಸುತ್ತವೆ. ಉದ್ಯಾನದ ದಕ್ಷಿಣಕ್ಕಿರುವ ಸನ್‌ಸೆಟ್, ಉತ್ತರಕ್ಕಿರುವ ರಿಚ್‌ಮಂಡ್ ಮತ್ತು ಪೂರ್ವಕ್ಕಿರುವ ಹೇಟ್ ಬಡಾವಣೆಗಳ ಬೀದಿಗಳಲ್ಲಿ ನಿಲ್ಲಿಸುವವರು ಮುಖ್ಯವಾಗಿ ಮೂರನ್ನು ಗಮನಿಸಬೇಕು.

ಮೊದಲನೆಯದು ಬೀದಿ ಗುಡಿಸುವ ಸಮಯ. ತಿಂಗಳ ಮೊದಲ ಮತ್ತು ಮೂರನೆಯ ಬುಧವಾರ ಬೆಳಿಗ್ಗೆ ಇಷ್ಟರಿಂದ ಇಷ್ಟು ಗಂಟೆಯವರೆಗೆ ಎಂಬಂತೆ ಬರೆದಿರುತ್ತಾರೆ, ಮತ್ತು ಎದುರುಬದಿಗೆ ಬೇರೆಯೇ ದಿನ ಇರುತ್ತದೆ. ಗುಡಿಸುವ ವಾಹನದ ಹಿಂದೆ ಮುಂದೆಯೇ ಟಿಕೆಟ್ ಹಾಕುವವರೂ ಬರುತ್ತಾರೆ. ಎರಡನೆಯದು ನಿವಾಸಿಗಳ ಪರ್ಮಿಟ್. ಫಲಕದಲ್ಲಿ ಎರಡು ಗಂಟೆ ಎಂದಿದ್ದು, ಅಕ್ಷರವೊಂದನ್ನು ಸೂಚಿಸಿ ಆ ಪರ್ಮಿಟ್ ಇರುವವರಿಗೆ ವಿನಾಯಿತಿ ಎಂದು ಬರೆದಿದ್ದರೆ, ನಿಮಗೆ ಸಿಗುವುದು ಎರಡು ಗಂಟೆ ಮಾತ್ರ. ಕಾರನ್ನು ಅದೇ ಬೀದಿಯಲ್ಲಿ ನಾಲ್ಕು ಅಡಿ ಮುಂದೆ ಸರಿಸಿದ ಮಾತ್ರಕ್ಕೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಮೂರನೆಯದು ಮರಕ್ಕೋ ಕಂಬಕ್ಕೋ ತಾತ್ಕಾಲಿಕವಾಗಿ ಕಟ್ಟಿದ ಕಾಗದದ ಸೂಚನೆ. ಆಗಸ್ಟಿನ ಔಟ್‌ಸೈಡ್ ಲ್ಯಾಂಡ್ಸ್, ಅಕ್ಟೋಬರ್ ಆರಂಭದ ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್ ಎಂಬ ಸಂಗೀತೋತ್ಸವಗಳು, ಮೇ ತಿಂಗಳ ಬೇ ಟು ಬ್ರೇಕರ್ಸ್ ಓಟ ಇಂಥ ದಿನಗಳಲ್ಲಿ ಇವು ಎಲ್ಲೆಡೆ ಕಾಣುತ್ತವೆ. ಆ ಕಾಗದವನ್ನು ಕಡೆಗಣಿಸಿದರೆ ಟಿಕೆಟಿನಲ್ಲಿ ಮುಗಿಯದೆ ಕಾರೇ ಟೋ ಆಗಿ ಹೋಗಬಹುದು. ಸಂಗೀತ ಕೇಳುವ ಉದ್ದೇಶವಿಲ್ಲದವರು ಆ ವಾರಾಂತ್ಯಗಳಲ್ಲಿ ಬೇರೆ ಉದ್ಯಾನಕ್ಕೆ ಹೋಗುವುದು ಒಳಿತು.

ಕರ್ಬ್‌ನ, ಅಂದರೆ ರಸ್ತೆಯಂಚಿನ ಕಟ್ಟೆಯ, ಬಣ್ಣಗಳು ಹೀಗಿವೆ:

ಕೆಂಪು: ನಿಲ್ಲಿಸಲೇಬಾರದು.
ಹಳದಿ: ಸರಕು ವಾಹನಗಳಿಗೆ.
ಬಿಳಿ: ಜನರನ್ನು ಹತ್ತಿಸಿ ಇಳಿಸಲು, ಚಾಲಕರು ಗಾಡಿ ಬಿಟ್ಟು ಹೋಗುವಂತಿಲ್ಲ.
ಹಸಿರು: ಕೆಲವೇ ನಿಮಿಷ, ಎಷ್ಟೆಂದು ಅಲ್ಲೇ ಬರೆದಿರುತ್ತದೆ.
ನೀಲಿ: ಅಂಗವಿಕಲರ ಪ್ಲಕಾರ್ಡ್ (ಕಾರಿನ ಕನ್ನಡಿಗೆ ನೇತುಹಾಕುವ ಗುರುತುಚೀಟಿ) ಅಥವಾ ವಿಶೇಷ ನಂಬರ್ ಪ್ಲೇಟ್ ಇದ್ದವರಿಗೆ ಮಾತ್ರ.

ಬಣ್ಣವಿಲ್ಲದ ಕಡೆಯೂ ನಿಯಮಗಳಿವೆ. ಬೆಂಕಿ ನಂದಿಸುವ ನೀರಿನ ಹೈಡ್ರಂಟ್‌ನಿಂದ 15 ಅಡಿ ದೂರ ಬಿಡಬೇಕು. ಪಾದಚಾರಿಗಳು ದಾಟುವ ಜಾಗಕ್ಕೆ ಮೊದಲು, ವಾಹನ ಬರುವ ಬದಿಯಲ್ಲಿ, 20 ಅಡಿ ಬಿಡಬೇಕೆಂಬುದು ಈಗ ರಾಜ್ಯದ ಕಾನೂನು.

ಇನ್ನು ಡ್ರೈವ್‌ವೇ, ಅಂದರೆ ರಸ್ತೆಯಿಂದ ಮನೆಯ ಗ್ಯಾರೇಜಿಗೆ ಹೋಗುವ ದಾರಿಯ ವಿಷಯ. ಸನ್‌ಸೆಟ್‌ನಲ್ಲಿ ಮನೆಗೊಂದು ಡ್ರೈವ್‌ವೇ ಸಾಲುಗಟ್ಟಿವೆ, ಎರಡರ ನಡುವೆ ಒಂದು ಕಾರಿಗೆ ಸಾಲುವಂತೆ ಕಾಣುವ, ಆದರೆ ಸಾಲದ ಜಾಗವಿರುತ್ತದೆ. ಬಂಪರ್ ಅಂಗೈಯಗಲ ಒಳಚಾಚಿದರೂ ಮನೆಯವರು ದೂರು ಕೊಡಬಹುದು, ಕೊಡುತ್ತಾರೆ. ಹಿಂದೆ ಹಳದಿ-ಕೆಂಪು ಬಾವುಟದ ಸ್ಟಿಕ್ಕರ್ ಅಂಟಿಸಿಕೊಂಡ ಕಾರು ಇನ್ನೊಬ್ಬರ ಬಾಗಿಲಿಗೆ ಅಡ್ಡ ನಿಂತಿದ್ದರೆ ಕೆಟ್ಟ ಹೆಸರು ಒಬ್ಬರಿಗೆ ಮಾತ್ರ ಬರುವುದಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಸ್ನೇಹಿತರ ಮನೆಯೆಂದು ಅವರ ಗ್ಯಾರೇಜಿನ ಮುಂದೆ ಕಾರಿನ ಹಿಂಭಾಗ ಫುಟ್‌ಪಾತಿನ ಮೇಲೆ ಬರುವಂತೆ ನಿಲ್ಲಿಸಿದರೂ ಟಿಕೆಟ್ ಬೀಳುತ್ತದೆ. ಸಂಚಾರದ ದಿಕ್ಕಿಗೆ ವಿರುದ್ಧವಾಗಿ ಮುಖ ಮಾಡಿ ನಿಲ್ಲಿಸುವುದು, ಹಜಾರ್ಡ್ ದೀಪ ಹಾಕಿ ಎರಡನೇ ಸಾಲಿನಲ್ಲಿ ನಿಲ್ಲಿಸುವುದು, ಖಾಲಿ ಜಾಗದಲ್ಲಿ ಮಗನನ್ನೋ ಮಾವನವರನ್ನೋ ನಿಲ್ಲಿಸಿ "ಹಿಡಿದಿಟ್ಟುಕೊಳ್ಳುವುದು", ಡ್ಯಾಶ್‌ಬೋರ್ಡಿನ ಮೇಲೆ ಫೋನ್ ನಂಬರ್ ಬರೆದಿಟ್ಟು ಹೋಗುವುದು, ಈ ನಾಲ್ಕನ್ನೂ ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಿತ್ತು.

ಇಳಿಜಾರಿನಲ್ಲಿ ಚಕ್ರ ತಿರುಗಿಸುವುದು

ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೇ. 3ಕ್ಕಿಂತ ಹೆಚ್ಚು ಇಳಿಜಾರಿರುವ ರಸ್ತೆಯಲ್ಲಿ ನಿಲ್ಲಿಸಿದ ಕಾರಿನ ಮುಂದಿನ ಚಕ್ರಗಳನ್ನು ತಿರುಗಿಸಿಡದಿದ್ದರೆ ಅದಕ್ಕೇ ಪ್ರತ್ಯೇಕ ಟಿಕೆಟ್ ಇದೆ. ಶೇ. 3 ಎಂದರೆ ಕಣ್ಣಿಗೆ ಸಮತಟ್ಟಾಗಿಯೇ ಕಾಣುವ ರಸ್ತೆಯೂ ಇರಬಹುದು. ಕಾರು ಇಳಿಜಾರಿಗೆ ಮುಖ ಮಾಡಿದ್ದರೆ ಚಕ್ರಗಳನ್ನು ಕರ್ಬ್‌ನ ಕಡೆಗೆ ತಿರುಗಿಸಬೇಕು. ಏರಿಗೆ ಮುಖ ಮಾಡಿದ್ದರೆ ಕರ್ಬ್‌ನಿಂದಾಚೆಗೆ, ರಸ್ತೆಯ ಕಡೆಗೆ ತಿರುಗಿಸಿ, ಮೆಲ್ಲನೆ ಹಿಂದೆ ಬಿಟ್ಟು, ಚಕ್ರದ ಹಿಂಬದಿ ಕರ್ಬ್‌ಗೆ ತಾಗಿ ನಿಲ್ಲುವಂತೆ ಮಾಡಬೇಕು. ಹ್ಯಾಂಡ್‌ಬ್ರೇಕ್ ಹಾಕಿದ್ದೇನಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹೇಟ್ ಕಡೆಯ ಬೀದಿಗಳಲ್ಲಿ ಇದನ್ನು ಮರೆಯಲೇಬೇಡಿ.

ಹಣ ಕಟ್ಟುವುದು

ಮೀಟರಿಗೆ ನಾಣ್ಯ, ಕಾರ್ಡ್ ಅಥವಾ ಪೇಬೈಫೋನ್ ಆ್ಯಪ್ ಮೂಲಕ ಹಣ ಕಟ್ಟಬಹುದು. ಆ್ಯಪ್ ಬಳಸುವವರು ಕಾರಿನ ನಂಬರನ್ನು ಎರಡು ಬಾರಿ ನೋಡಿಕೊಳ್ಳಿ. ಹೊಸ ಕಾರಿಗೆ ಮೊದಲು ಬರುವುದು ತಾತ್ಕಾಲಿಕ ಪ್ಲೇಟ್. ಕಾಯಂ ಪ್ಲೇಟ್ ಅಂಚೆಯಲ್ಲಿ ಬಂದ ಮೇಲೆ ಅದನ್ನು ಕಾರಿಗೆ ಹಾಕಿಸಿ ಆ್ಯಪ್‌ನಲ್ಲಿ ಹಳೆಯದನ್ನೇ ಬಿಟ್ಟವರು, ಹಣವನ್ನೂ ಕಟ್ಟಿ ದಂಡವನ್ನೂ ಕಟ್ಟಿದ್ದಾರೆ. ಮೀಟರ್ ಕೆಟ್ಟಿದ್ದರೆ ಅಲ್ಲಿ ನಮೂದಿಸಿದ ಗರಿಷ್ಠ ಅವಧಿಯವರೆಗೆ ನಿಲ್ಲಿಸಬಹುದು; ಕೆಟ್ಟಿರುವುದರ ಫೋಟೋ ತೆಗೆದಿಟ್ಟುಕೊಳ್ಳಿ. ಮೀಟರಿನ ಮೇಲೆ ಯಾರೋ ಅಂಟಿಸಿದ ಕ್ಯೂಆರ್ ಚೀಟಿಯನ್ನು ಸ್ಕ್ಯಾನ್ ಮಾಡಬೇಡಿ. ಇಂಥ ನಕಲಿ ಚೀಟಿಗಳಿಂದ ಹಣ ಕಳೆದುಕೊಂಡವರಿದ್ದಾರೆ. ಯುಪಿಐ ರೂಢಿಯಿಂದ ಕೈ ತಾನಾಗಿ ಅತ್ತ ಹೋಗುತ್ತದೆ, ತಡೆಯಿರಿ. ಆ್ಯಪನ್ನು ನಿಮ್ಮ ಫೋನಿನ ಆ್ಯಪ್ ಸ್ಟೋರಿನಿಂದಲೇ ಹಾಕಿಕೊಳ್ಳಿ.

ಕಾರಿನೊಳಗೆ ಏನನ್ನೂ ಬಿಡಬೇಡಿ

ಗಾಜು ಒಡೆದು ಕದಿಯುವುದು ಈ ನಗರದಲ್ಲಿ ಅಪರೂಪವಲ್ಲ. ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಇರಲಿ, ಖಾಲಿ ಬ್ಯಾಗನ್ನೂ ಸೀಟಿನ ಮೇಲೆ ಬಿಡಬೇಡಿ. ಡಿಕ್ಕಿಗೆ ಹಾಕುವುದಾದರೆ ಹೊರಡುವಾಗ ಮನೆಯಲ್ಲೇ ಹಾಕಿ, ಉದ್ಯಾನದ ಬಳಿ ಎಲ್ಲರೂ ನೋಡುವಂತೆ ಅಲ್ಲ.

ಊರಿನಿಂದ ಬಂದ ಹಿರಿಯರು

ಮಂಡಿನೋವಿರುವ ತಂದೆತಾಯಿಯರನ್ನು ಮ್ಯೂಸಿಕ್ ಕಾಂಕೋರ್ಸ್ ಬಳಿಯ ಬಿಳಿ ಕರ್ಬ್‌ನಲ್ಲಿ ಇಳಿಸಿ, ಒಬ್ಬರು ಅವರೊಂದಿಗೆ ಕುಳಿತು, ಇನ್ನೊಬ್ಬರು ಗ್ಯಾರೇಜಿಗೆ ಹೋಗುವುದು ಉತ್ತಮ ಕ್ರಮ. ಪ್ಲಕಾರ್ಡ್ ಇದ್ದವರಿಗೆ ಅಲ್ಲಿನ ಸಂಗೀತ ವೇದಿಕೆಯಾದ ಬ್ಯಾಂಡ್‌ಶೆಲ್‌ನ ಹಿಂದೆ ಮೀಸಲು ಜಾಗವಿದೆ. ಪ್ಲಕಾರ್ಡನ್ನು ವೈದ್ಯರ ದೃಢೀಕರಣದ ಮೇಲೆ ರಾಜ್ಯದ ವಾಹನ ಇಲಾಖೆಯಾದ ಡಿಎಂವಿ ಕೊಡುತ್ತದೆ. ಅದು ಯಾರ ಹೆಸರಿನಲ್ಲಿದೆಯೋ ಅವರ ಪ್ರಯಾಣಕ್ಕೆ ಮಾತ್ರ ಬಳಸತಕ್ಕದ್ದು. ಅವರು ಮನೆಯಲ್ಲಿ ಧಾರಾವಾಹಿ ನೋಡುತ್ತಿರುವಾಗ ನೀವು ಕನ್ನಡಿಗೆ ನೇತುಹಾಕಿಕೊಂಡು ಹೋದರೆ ದಂಡ 250ರಿಂದ 1,000 ಡಾಲರ್.

ಟಿಕೆಟ್ ಬಿದ್ದರೆ

ಗಾಬರಿ ಬೇಡ. ಪಾರ್ಕಿಂಗ್ ಟಿಕೆಟ್ ಕ್ರಿಮಿನಲ್ ಅಪರಾಧವಲ್ಲ, ಲೈಸೆನ್ಸಿನಲ್ಲಿ ಪಾಯಿಂಟ್ ಸೇರುವುದಿಲ್ಲ. ಬರೆಯುತ್ತಿರುವ ಅಧಿಕಾರಿಯೊಂದಿಗೆ "ಸ್ವಲ್ಪ ಅಡ್ಜಸ್ಟ್ ಮಾಡಿ" ಎನ್ನುವ ಪ್ರಯತ್ನವೂ ಬೇಡ. ಫಲಕ, ಕರ್ಬ್, ಕಾರು ಮೂರೂ ಕಾಣುವಂತೆ ಫೋಟೋ ತೆಗೆಯಿರಿ. ತಪ್ಪು ನಿಮ್ಮದಲ್ಲದಿದ್ದರೆ ಟಿಕೆಟ್ ಕೊಟ್ಟ ದಿನದಿಂದ 21 ದಿನಗಳೊಳಗೆ ತಕರಾರು ಸಲ್ಲಿಸಬಹುದು. ನಿಮ್ಮದೇ ಆಗಿದ್ದರೆ ಅಷ್ಟರೊಳಗೆ ಕಟ್ಟಿಬಿಡಿ. ಲಕೋಟೆಯನ್ನು ಗ್ಲೋವ್ ಬಾಕ್ಸಿಗೆ ತುರುಕಿ ಮರೆತರೆ ದಂಡ ಬೆಳೆಯುತ್ತದೆ, ಕಾರಿನ ನೋಂದಣಿ ನವೀಕರಣ ನಿಲ್ಲುತ್ತದೆ, ಬಾಕಿ ಐದಾದರೆ ಕಾರಿನ ಚಕ್ರಕ್ಕೆ ಬೀಗ ಹಾಕಬಹುದು. ಬಾಡಿಗೆ ಕಾರಾದರೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡಿನಿಂದ ವಸೂಲು ಮಾಡುತ್ತದೆ. ನಿಲ್ಲಿಸಿದಲ್ಲಿ ಕಾರಿಲ್ಲದಿದ್ದರೆ ಕಳುವಾಯಿತೆಂದು ಕೂಗಾಡುವ ಮೊದಲು ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ಟೋ ಆಗಿದೆಯೇ ಎಂದು ವಿಚಾರಿಸಿ. ಟೋ ಆದ ಕಾರನ್ನು ಇಟ್ಟುಕೊಂಡದ್ದಕ್ಕೆ ಹಾಕುವ ಬಾಡಿಗೆ ದಿನದಿನಕ್ಕೆ ಏರುವುದರಿಂದ ಅದೇ ದಿನ ಬಿಡಿಸಿಕೊಳ್ಳಿ. ಮೊದಲ ಸಲ ಟೋ ಆದವರಿಗೆ ರಿಯಾಯಿತಿ ಇದೆ, ಕೇಳಲು ಸಂಕೋಚಪಡಬೇಡಿ.

ಕಾರಿಲ್ಲದೆ ಹೋಗುವುದಾದರೆ

ಸನ್ನಿವೇಲ್, ಮೌಂಟನ್ ವ್ಯೂ ಕಡೆಯವರು: ಕಾಲ್‌ಟ್ರೈನ್‌ನಲ್ಲಿ ಕೊನೆಯ ನಿಲ್ದಾಣ, ಅಲ್ಲಿಂದ ಎನ್ ಜೂಡಾ ರೈಲು.
ಫ್ರೀಮಾಂಟ್ ಕಡೆಯವರು: ಬಾರ್ಟ್ ರೈಲಿನಲ್ಲಿ ಸಿವಿಕ್ ಸೆಂಟರ್, ಅಲ್ಲಿಂದ ಅದೇ ಎನ್ ಜೂಡಾ.
ಇಳಿಯುವುದು: 9ನೇ ಅವೆನ್ಯೂ, ಅರ್ವಿಂಗ್ ಬೀದಿ.
18 ವರ್ಷದವರೆಗಿನ ಮಕ್ಕಳಿಗೆ ನಗರದ ಮ್ಯೂನಿ ಬಸ್ಸು-ರೈಲು ಉಚಿತ.

ಸಂಘದ ವನಭೋಜನದ ದಿನ

ಬಿಸಿಬೇಳೆಬಾತಿನ ದೊಡ್ಡ ಪಾತ್ರೆಗಳನ್ನು ಬಿಳಿ ಕರ್ಬ್‌ನಲ್ಲಿ ಇಳಿಸುತ್ತಾ ಚಾಲಕರೂ ಸೇರಿ ಎಲ್ಲರೂ ಮೇಜಿನವರೆಗೆ ಹೊತ್ತು ನಡೆದದ್ದರಿಂದ ಟಿಕೆಟ್ ಬಿದ್ದ ಪ್ರಸಂಗಗಳು ನಡೆದಿವೆ. ಪಾತ್ರೆ ತರುವವರು ಗಾಡಿ ಬಿಟ್ಟು ಇಳಿಯದಿರಲಿ, ಹೊರಲು ಸ್ವಯಂಸೇವಕರು ಬರುತ್ತಾರೆ. ಒಂದು ಕುಟುಂಬಕ್ಕೆ ಒಂದೇ ಕಾರು ತನ್ನಿ, ಸೀಟು ಖಾಲಿಯಿದ್ದರೆ ನೆರೆಯವರನ್ನೂ ಕರೆತನ್ನಿ. ಹೊರಡುವ ಮುನ್ನ ಎಷ್ಟು ಜನ, ಯಾವ ಕಾರು, ಉದ್ಯಾನದ ಯಾವ ಕಡೆಯಿಂದ ಬರುತ್ತೀರಿ ಎಂಬುದನ್ನು ಊಟದ ವ್ಯವಸ್ಥೆ ನೋಡಿಕೊಳ್ಳುವವರಿಗೆ ಹಿಂದಿನ ರಾತ್ರಿಯೇ ತಿಳಿಸತಕ್ಕದ್ದು.