ಪಿಕಪ್ ತಗ್ಗಿಸಿಯೂ ಸವಾರಿಯ ಮೆದುತನ ಉಳಿಸಿಕೊಂಡ ಬಗೆ: ನನ್ನ ಅನುಭವ

ನನ್ನ 1997ರ ಷೆವ್ರೊಲೆ ಸಿ1500 ಪಿಕಪ್ ಮುಂದೆ ಸುಮಾರು ಮೂರು ಇಂಚು, ಹಿಂದೆ ಐದು ಇಂಚಿಗೂ ತುಸು ಹೆಚ್ಚು ತಗ್ಗಿದೆ. ಹೀಗಿದ್ದೂ ಆಸ್ಟಿನ್‌ನಿಂದ ಡಲ್ಲಾಸ್‌ವರೆಗೆ ಐ-35 ಹೆದ್ದಾರಿಯ ಕಾಂಕ್ರೀಟ್ ಜೋಡಣೆಗಳ ಮೇಲೆ ಅದನ್ನು ಓಡಿಸಿಕೊಂಡು ಹೋದರೆ ಬೆನ್ನು ನೋಯುವುದಿಲ್ಲ. ಟೆಕ್ಸಸ್‌ನಲ್ಲಿ ತಗ್ಗಿಸಿದ ಟ್ರಕ್ಕುಗಳಿಗೆ ಕೊರತೆಯಿಲ್ಲವಾದರೂ, ಗಾಳಿಯ ಸಸ್ಪೆನ್ಷನ್ ಹಾಕಿಸದೆ ಇಷ್ಟು ತಗ್ಗಿಸಿದರೆ ಎತ್ತಿನ ಗಾಡಿಯಂತೆ ಕುಲುಕುವುದು ಖಂಡಿತ ಎಂದು ಈ ಕೆಲಸ ಬಲ್ಲ ಗೆಳೆಯರೆಲ್ಲ ಹೇಳಿದ್ದರು. ಈಗ ಅವರಲ್ಲಿ ಇಬ್ಬರು ತಮ್ಮ ಗಾಡಿಗಳನ್ನು ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದ್ದಾರೆ.

ಗಾಡಿ ನನ್ನ ಕೈಗೆ ಬಂದಾಗ ಹಿಂದಿನ ಮಾಲೀಕರು ಮುಂದಿನ ಕಾಯಿಲ್ ಸ್ಪ್ರಿಂಗುಗಳನ್ನು ಒಂದೂವರೆ ಸುತ್ತು ಕತ್ತರಿಸಿ, ಹಿಂದಿನ ಕಮಾನು ಪಟ್ಟಿಯಿಂದ (ಲೀಫ್ ಸ್ಪ್ರಿಂಗ್) ಒಂದೆರಡು ಎಲೆ ತೆಗೆದಿದ್ದರು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಜೊತೆಗೆ ಚಕ್ರ ಮೇಲೇಳಲು ಉಳಿದ ಜಾಗವೂ ಕಿರಿದಾಗುತ್ತದೆ. ಹಿಂದೆಯಾದರೋ ಪಟ್ಟಿ ಮೆತ್ತಗಾಗಿ ನಾಲ್ಕು ಮೂಟೆ ಹಾಕಿದೊಡನೆ ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕೋಶ) ಚಾಸಿಗೆ ಬಡಿಯುತ್ತಿತ್ತು. ತಗ್ಗಿಸಿದ ಗಾಡಿಯ ಸವಾರಿ ಕೆಡುವುದು ಎತ್ತರ ಇಳಿದದ್ದರಿಂದಲ್ಲ, ಚಕ್ರ ಮೇಲೇರುವ ಹಾದಿಯನ್ನು ಕಳೆದುಕೊಂಡದ್ದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಕೆಲಸವೆಲ್ಲ ಆ ಹಾದಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಮಾಡಿದ್ದು.

ಮುಂಭಾಗದಲ್ಲಿ ಎರಡು ಇಂಚಿನ ಡ್ರಾಪ್ ಸ್ಪಿಂಡಲ್ (ಚಕ್ರ ಕೂರುವ ಅಚ್ಚನ್ನು ಮೇಲಕ್ಕೆ ಸರಿಸಿ ಮಾಡಿದ ಭಾಗ) ಹಾಕಿ, ಉಳಿದ ಒಂದು ಇಂಚನ್ನು ಮಾತ್ರ ಕಾರ್ಖಾನೆಯಲ್ಲೇ ಗಿಡ್ಡವಾಗಿ ತಯಾರಾದ ಕಾಯಿಲ್‌ನಿಂದ ಪಡೆದೆ. ಸ್ಪಿಂಡಲ್‌ನಿಂದ ತಗ್ಗಿಸಿದರೆ ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ಕೋನ ಬದಲಾಗದು, ಸ್ಪ್ರಿಂಗಿನ ಚಲನೆಯೂ ಕಡಿಮೆಯಾಗದು. ಆರ್ಮ್‌ಗಳ ಬುಷ್ ಬೋಲ್ಟುಗಳನ್ನು ಗಾಡಿ ಜಾಕ್ ಮೇಲೆ ತೂಗಿರುವಾಗ ಪೂರ್ತಿ ಬಿಗಿಯಬಾರದು. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಇನ್ನೊಂದು ಸ್ಪ್ರಿಂಗಿನಂತೆ ಒತ್ತುತ್ತದೆ. ಹಲವು ಗಾಡಿಗಳ ಗಡುಸುತನಕ್ಕೆ ಇದೊಂದೇ ಕಾರಣವಾಗಿರುವುದನ್ನು ಕಂಡಿದ್ದೇನೆ.

ನಿಜವಾದ ಪಾಡು ಹಿಂಭಾಗದ್ದು. ಸಿ1500ರಲ್ಲಿ ಪಟ್ಟಿ ಹೌಸಿಂಗಿನ ಮೇಲೆ ಕೂರುವುದರಿಂದ, ಫ್ಲಿಪ್ ಕಿಟ್ ಹಾಕಿ ಹೌಸಿಂಗನ್ನು ಪಟ್ಟಿಯ ಮೇಲಕ್ಕೆ ತಂದೆ. ಹಳೆಯ ಗಾಡಿಗಳ ಗುಜರಿಯಿಂದ ಮೂಲ ಪಟ್ಟಿಯ ಜೋಡಿಯೊಂದನ್ನು ಅರವತ್ತು ಡಾಲರಿಗೆ ತಂದು ಎಲ್ಲ ಎಲೆಗಳನ್ನೂ ಹಾಗೆಯೇ ಉಳಿಸಿದೆ. ಆದರೆ ಹೌಸಿಂಗಿಗೂ ಚಾಸಿಗೂ ನಡುವೆ ಒಂದು ಇಂಚಿನಷ್ಟೇ ಸಂದು ಉಳಿಯಿತು. ಶಾಕ್ ಅಬ್ಸಾರ್ಬರಿನ ಕಂಬಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಅದನ್ನು ಕೆಳಗೆ ಸರಿಸಿಟ್ಟು ಊರೊಳಗೆ ಒಂದು ಸುತ್ತು ಹೋಗಿ ಬಂದು ನೋಡಿದರೆ, ಆ ಟೈ ಎಷ್ಟು ಸರಿದಿದೆ ಎಂಬುದೇ ಚಕ್ರ ಬಳಸಿಕೊಂಡ ಹಾದಿಯ ಅಳತೆ. ಮೊದಲ ಸುತ್ತಿನಲ್ಲೇ ಅದು ಕೊನೆಯವರೆಗೆ ಸರಿದಿತ್ತು. ಆದ್ದರಿಂದ ಚಾಸಿಗೆ ಸಿ-ನಾಚ್ (ಹೌಸಿಂಗ್ ಮೇಲೇರಲು ಜಾಗವಾಗುವಂತೆ ಕೊಯ್ಯುವ C ಆಕಾರದ ಕಚ್ಚು) ಹಾಕುವುದು ಅನಿವಾರ್ಯವಾಯಿತು: ಮೊದಲು ಚಾಸಿಯನ್ನು ಬಲಪಡಿಸುವ ತಟ್ಟೆಗಳನ್ನು ಗ್ರೇಡ್ 8ರ ಗಟ್ಟಿ ಬೋಲ್ಟುಗಳಿಂದ ಕೂರಿಸಿ, ಆಮೇಲೆ ಗುರುತಿನೊಳಗೆ ಮಾತ್ರ ಕತ್ತರಿಸಿ, ಕತ್ತರಿಸಿದ ಅಂಚನ್ನು ನುಣುಪಾಗಿ ಉಜ್ಜಿ ಬಣ್ಣ ಬಳಿದೆ. ಇದರಿಂದ ಎರಡು ಇಂಚಿಗೂ ಹೆಚ್ಚು ಹಾದಿ ದಕ್ಕಿತು. ಚಾಸಿ ಕತ್ತರಿಸಲು ಹೆದರಿ ಇದನ್ನು ಬಿಟ್ಟವರ ಸವಾರಿ ಎಂದೂ ಸರಿಹೋಗದು.

ಶಾಕ್ ಅಬ್ಸಾರ್ಬರುಗಳನ್ನು ಕಿಟ್ಟಿನ ಜೊತೆ ಬಂದವುಗಳಿಂದ ಮೊದಲುಮಾಡಿ ಮೂರು ಬಗೆಯವನ್ನು ಹಾಕಿ ನೋಡಿದೆ. ಮೊದಲ ಜೊತೆ ಗಾತ್ರದಲ್ಲಿ ಸರಿಯಿದ್ದರೂ ಹಾರಿದ ಗಾಡಿಯನ್ನು ಹಿಡಿಯಲಿಲ್ಲ. ಎರಡನೆಯದು ಸಣ್ಣ ಗುಂಡಿಯಲ್ಲೂ ಕುಕ್ಕಿತು. ಮೂರನೆಯದು ಏಕನಳಿಗೆಯದು (ಮೊನೊಟ್ಯೂಬ್), ನಾಲ್ಕಕ್ಕೂ ಸೇರಿ ಮುನ್ನೂರೈವತ್ತು ಡಾಲರಿನಷ್ಟು ಬಿತ್ತು, ಅದರಿಂದಲೇ ಗಾಡಿಯ ಸ್ವಭಾವ ಬದಲಾಯಿತು. ಅದರ ವಾಲ್ವಿನ ಹೊಂದಿಕೆಯನ್ನೂ, ಹಾದಿಯ ಕೊನೆಯಲ್ಲಿ ಬಡಿತ ತಡೆಯುವ ಫೋಮ್ ಬಂಪ್ ಸ್ಟಾಪನ್ನು ಯಾವ ಆಕಾರಕ್ಕೆ ಕೊಯ್ದೆ ಎಂಬುದನ್ನೂ ಇಲ್ಲಿ ಬರೆಯಲಾರೆ. ಅದಕ್ಕೆ ತೆತ್ತ ದುಡ್ಡೂ ಸಮಯವೂ ನನ್ನವು.

ಹೌಸಿಂಗ್ ಮೇಲೇರಿದ್ದರಿಂದ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು 60 ಮೈಲಿ ವೇಗದ ಆಸುಪಾಸಿನಲ್ಲಿ ಸೀಟಿನಡಿ ನಡುಕ ಹುಟ್ಟಿತು. ಒಂದು ವರ್ಕ್‌ಶಾಪಿನವರು ಶಾಫ್ಟನ್ನೇ ಬ್ಯಾಲೆನ್ಸ್ ಮಾಡಿಸಬೇಕೆಂದು ಹೇಳಿ ಇನ್ನೂರು ಡಾಲರ್ ತೆಗೆದುಕೊಂಡರು, ನಡುಕ ಹಾಗೆಯೇ ಉಳಿಯಿತು. ಕೋನಮಾಪಕ ಇಟ್ಟು ಗೇರ್‌ಬಾಕ್ಸಿನ ಹಿಂತುದಿಯನ್ನೂ ಶಾಫ್ಟು ಹೌಸಿಂಗಿಗೆ ಸೇರುವ ಪಿನಿಯನ್ನನ್ನೂ ಅಳೆದು, ಪಟ್ಟಿಗೂ ಹೌಸಿಂಗಿಗೂ ನಡುವೆ ಇಳಿಜಾರು ಶಿಮ್ (ತೆಳು ಬೆಣೆ) ತೂರಿಸಿದ ಮೇಲೆ ಅದು ನಿಂತಿತು. ಆ ಶಿಮ್ಮಿನ ಬೆಲೆ ಹದಿನೈದು ಡಾಲರೂ ಇರಲಿಲ್ಲ.

ಈ ನಡುವೆ ಕುತೂಹಲಕ್ಕೆಂದು ಅಡುಗೆಮನೆಯ ಪ್ಲಾಸ್ಟಿಕ್ ಕತ್ತರಿಸುವ ಹಲಗೆಯಿಂದ ತುಂಡು ಕೊಯ್ದು ಪಟ್ಟಿಯ ಎಲೆಗಳ ತುದಿಗಳ ನಡುವೆ ಇರಿಸಿದೆ. ಎಲೆಗಳ ತಿಕ್ಕಾಟ ತಗ್ಗಿ, ಸಣ್ಣ ಅಲುಗಾಟಗಳು ಮಾಯವಾದವು. ಒಂದೆರಡು ತಿಂಗಳಲ್ಲಿ ತುಂಡುಗಳು ಜಾರಿ ಬಿದ್ದವು, ಆದರೆ ವಿಚಾರ ಸರಿಯೆಂದು ತಿಳಿದ ಮೇಲೆ ಜಾರದಂತೆ ಹಿಡಿಯುವ ಬಟನ್ ಇರುವ ಸಿದ್ಧ ಪ್ಯಾಡ್‌ಗಳನ್ನು ಹಾಕಿದ್ದೇನೆ. ಪಾಲಿಯುರೆಥೇನ್ ಬುಷ್‌ಗಳನ್ನೂ ಹಾಕಿ ನೋಡಿ, ಕಿರುಗುಟ್ಟುವುದನ್ನು ತಾಳಲಾರದೆ ರಬ್ಬರಿಗೇ ಮರಳಿದೆ.

ಟೈರಿನ ವಿಷಯದಲ್ಲಿ ಎಲ್ಲರೂ 20 ಇಂಚಿನ ಚಕ್ರಕ್ಕೆ ಆಸೆಪಡುತ್ತಾರೆ. ನಾನು 255/60ಆರ್17 (ಅಗಲ 255 ಮಿಲಿಮೀಟರ್, ಪಕ್ಕಗೋಡೆ ಅದರ ಶೇಕಡ 60, ಚಕ್ರ 17 ಇಂಚು) ಆರಿಸಿದೆ: ಹೊರವ್ಯಾಸ ಮೂಲದ 235/75ಆರ್15ಕ್ಕೆ ಬಹುತೇಕ ಸಮ, ಪಕ್ಕಗೋಡೆ 153 ಮಿಲಿಮೀಟರ್. 275/40ಆರ್20ರಲ್ಲಿ ಅದು 110 ಮಾತ್ರ. ಆ ನಾಲ್ಕು ಸೆಂಟಿಮೀಟರ್ ರಬ್ಬರು ಮಾಡುವ ಕೆಲಸವನ್ನು ಬೇರೆ ಯಾವ ಭಾಗವೂ ಮಾಡದು. ಅಲೈನ್‌ಮೆಂಟಿಗೆ ಮೇಲಿನ ಆರ್ಮ್‌ಗಳಲ್ಲಿ ಕ್ಯಾಮ್ ಬೋಲ್ಟ್ (ತಿರುಗಿಸಿ ಹೊಂದಿಸಬಲ್ಲ ಬೋಲ್ಟ್) ಹಾಕಿಸದೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ, ಹದಕ್ಕೆ ಬರಲಿಲ್ಲ.

ಟೈರು, ಚಕ್ರ ಬಿಟ್ಟು ಒಟ್ಟು ಖರ್ಚು ಸಾವಿರದ ಮುನ್ನೂರು ಡಾಲರಿನ ಒಳಗೆ, ವ್ಯರ್ಥವಾದದ್ದೂ ಸೇರಿ. ಗಾಳಿಯ ಸಸ್ಪೆನ್ಷನ್ನಿಗೆ ಕೇಳಿದ್ದು ಐದು ಸಾವಿರದ ಹತ್ತಿರ. ಕಳೆದ ರಾಜ್ಯೋತ್ಸವಕ್ಕೆ ವೇದಿಕೆಯ ಪ್ಲೈವುಡ್ಡು, ಧ್ವನಿಪೆಟ್ಟಿಗೆಗಳು ಸೇರಿ ಎಂಟುನೂರು ಪೌಂಡಿನಷ್ಟು ಹೇರಿಕೊಂಡು ಹೋದಾಗ ಕೇಬಲ್ ಟೈ ಕೊನೆಗಿಂತ ಬೆರಳಗಲ ಹಿಂದೆಯೇ ನಿಂತಿತ್ತು. ಇದನ್ನು ಮಾಡಹೊರಟವರು ಪಟ್ಟಿಯನ್ನು ಹೌಸಿಂಗಿಗೆ ಬಿಗಿಯುವ ಹಳೆಯ ಯು-ಬೋಲ್ಟುಗಳನ್ನು ಮರುಬಳಸದೆ ಹೊಸದನ್ನೇ ಹಾಕಿ, ಐನೂರು ಮೈಲಿ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚಿನಿಂದ ಬಿಗಿದುಕೊಳ್ಳಿರಿ.