ಮಕ್ಕಳ ಕೈಗೆ ಕಾರಿನ ಕೀಲಿ ಕೊಡುವ ಮೊದಲು

ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ಬ್ಯಾಂಕಿಗೋ ವರ್ಗವಾಗಿ ಕಾಸರಗೋಡಿಗೆ ಬಂದ ಕುಟುಂಬಗಳು ಇಲ್ಲಿನ ನಮ್ಮ ಸಂಘಕ್ಕೆ ಬಂದಾಗ ಬಾಡಿಗೆ ಮನೆ, ಕನ್ನಡ ಮಾಧ್ಯಮದ ಶಾಲೆ ಎಂದು ವಿಚಾರಿಸುವುದು ವಾಡಿಕೆ. ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿದೆ: “ಮಗನಿಗೆ ಹದಿನೆಂಟಾಯಿತು, ಕಾರು ಕೆಎ ನಂಬರಿನದು, ಇನ್ಶೂರೆನ್ಸ್ ನನ್ನ ಹೆಸರಿನಲ್ಲಿದೆ. ಅವನು ಇಲ್ಲಿ ಓಡಿಸಬಹುದಾ?” ಲೈಸನ್ಸ್ ಇದ್ದರೆ ಓಡಿಸಬಹುದು. ಏನಾದರೂ ಆದಾಗ ವಿಮೆ ಯಾರಿಗೆ ಎಷ್ಟು ಕೊಡುತ್ತದೆ ಎಂಬಲ್ಲಿ ಮಾತ್ರ ಹೆಚ್ಚಿನವರ ಲೆಕ್ಕ ತಪ್ಪುತ್ತದೆ.

ಹದಿನೆಂಟಾಗದವರ ಮಾತು ಮೊದಲು ಮುಗಿಸೋಣ. “ತೋಟದ ದಾರಿಯಲ್ಲಿ ಓಡಿಸಿ ಪಳಗಿದ್ದಾನೆ, ಅಂಗಡಿವರೆಗೆ ತಾನೇ” ಎನ್ನುವ ಅಪ್ಪಂದಿರು ನಮ್ಮಲ್ಲಿ ಧಾರಾಳ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರದು ಅಥವಾ ವಾಹನದ ಮಾಲಿಕರದು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ಹದಿನಾರಕ್ಕೇ ಲೈಸನ್ಸ್ ಸಿಗುತ್ತದೆ ಎನ್ನುವುದು 50 ಸಿಸಿ ಮೀರದ, ಗೇರಿಲ್ಲದ ಬಂಡಿಗೆ ಮಾತ್ರ. ಮನೆಯಲ್ಲಿರುವ 110 ಸಿಸಿ ಸ್ಕೂಟರಿಗೆ ಅದು ನಡೆಯುವುದಿಲ್ಲ.

ಲರ್ನರ್ಸ್ ಸಿಕ್ಕಿ 30 ದಿನ ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು, ಅದರ ಅವಧಿ 6 ತಿಂಗಳು. ಈ ಅವಧಿಯಲ್ಲಿ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಕ್ಷರ ಹಾಕಿರಬೇಕು, ಲೈಸನ್ಸ್ ಇರುವವರು ಪಕ್ಕದಲ್ಲಿ ಕೂತು ಕಲಿಸುತ್ತಿರಬೇಕು. ಇವೆರಡೂ ವಿಮೆಯ ಷರತ್ತುಗಳು ಕೂಡ. ಒಬ್ಬನೇ ಓಡಿಸಿಕೊಂಡು ಹೋಗಿ ಗುದ್ದಿದರೆ ಕಂಪನಿಗೆ ಕೈ ತೊಳೆದುಕೊಳ್ಳಲು ನಾವೇ ನೀರು ಕೊಟ್ಟಂತೆ. ಕೇರಳದ ಕಾರು ಟೆಸ್ಟಿನಲ್ಲಿ ಕಂಬಗಳ ನಡುವೆ ‘ಎಚ್’ ಆಕಾರದಲ್ಲಿ ಮುಂದೆ ಹಿಂದೆ ಓಡಿಸಬೇಕು, ಬೈಕಿಗೆ ‘ಎಂಟು’. ಎಚ್ ತೆಗೆದವರಿಗೆ ರಿವರ್ಸ್ ಚೆನ್ನಾಗಿ ಬರುತ್ತದೆ, ನಿಜ. ಜೂನ್ ತಿಂಗಳ ರಾತ್ರಿ ಕುಂಬಳೆಯಿಂದ ಬರುವುದನ್ನು ಅದು ಕಲಿಸುವುದಿಲ್ಲ.

ಹಾಗಾಗಿ ರಸ್ತೆಯ ಬಗ್ಗೆ ಎರಡು ಮಾತು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಷಟ್ಪಥವಾಗಿದೆ. ನೆಟ್ಟಗಿರುವ ರಸ್ತೆ ಕಂಡಾಗ ಹದಿನೆಂಟರ ಕಾಲು ತಾನಾಗಿ ಒತ್ತುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಫೋನಿನ ಕಡೆ ಎರಡು ಸೆಕೆಂಡ್ ಕಣ್ಣು ಹೋದರೆ ಕಾರು 44 ಮೀಟರ್ ಕುರುಡಾಗಿ ಓಡಿರುತ್ತದೆ. ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬರುವವರೂ ಇರುತ್ತಾರೆ, ಅಲ್ಲಿ ‘ನನ್ನದೇ ಸರಿ’ ಎನ್ನುವ ಹಟ ಬೇಡ. ಇಳಿಯಬೇಕಾದ ಜಾಗ ತಪ್ಪಿದರೆ ಮುಂದಿನದಕ್ಕೆ ಹೋಗಿ ತಿರುಗಿ ಬರಲಿ. ಹೆದ್ದಾರಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವವರನ್ನು ನೋಡಿದಾಗ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳ ದಾಟಿ ಕಲ್ಲಡ್ಕಕ್ಕೆ ಹೋಗುವ ದಾರಿಯ ಸ್ವಭಾವ ಬೇರೆ. ಅಲ್ಲಿ ತಿರುವುಗಳು, ಖಾಸಗಿ ಬಸ್ಸು, ಮಳೆಗಾಲದಲ್ಲಿ ಬರೆ ಜರಿದ ಕೆಂಪು ಮಣ್ಣು. ತಿರುವಿನ ಒಳಗೆ ಬ್ರೇಕ್ ಒತ್ತುವುದಲ್ಲ, ತಿರುವಿಗೆ ಮೊದಲೇ ಗೇರು ಇಳಿಸಬೇಕು ಎನ್ನುವುದನ್ನು ಅಲ್ಲೇ ಕಲಿಸಿ. ಟಯರಿನ ಗೀರಿನ ಆಳ ಸವೆದು 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಮಳೆಗಾಲಕ್ಕೆ ಮುಂಚೆ ಬದಲಿಸಿ. ಮಲಯಾಳ ಓದಲು ಬಾರದ ಮಕ್ಕಳಿಗೆ ಎರಡು ಫಲಕಗಳ ಗುರುತಾದರೂ ಇರಲಿ: ‘ಅಪಕಟ ಮೇಖಲ’ ಎಂದರೆ ಅಪಘಾತ ವಲಯ, ‘ಗತಾಗತ ನಿಯಂತ್ರಣಂ’ ಎಂದರೆ ಸಂಚಾರ ನಿರ್ಬಂಧ.

ಇನ್ನು ವಿಮೆ. ಅಮೆರಿಕದಲ್ಲಿರುವ ನೆಂಟರು “ಮಗನನ್ನು ಪಾಲಿಸಿಗೆ ಸೇರಿಸಿದ್ದಕ್ಕೆ ಪ್ರೀಮಿಯಂ ಎಲ್ಲೋ ಹೋಯಿತು” ಎನ್ನುವುದನ್ನು ಕೇಳಿ ಹೆದರಬೇಡಿ. ನಮ್ಮಲ್ಲಿ ವಿಮೆ ಮಾಡುವುದು ವಾಹನಕ್ಕೆ. ಲೈಸನ್ಸ್ ಇದ್ದು ನಿಮ್ಮ ಒಪ್ಪಿಗೆಯಿಂದ ಓಡಿಸುವ ಮಗಳಿಗೂ ಅದೇ ಪಾಲಿಸಿ ಸಾಕು. ಆದರೆ ‘ಇನ್ಶೂರೆನ್ಸ್ ಇದೆ’ ಎನ್ನುವ ಮಾತಿನೊಳಗೆ ಹಲವು ತೂತುಗಳಿವೆ.

ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ಮಾತ್ರ. ನಮ್ಮ ಕಾರು ಬೇರೆಯವರಿಗೆ ಮಾಡಿದ ಹಾನಿಗೆ ಅದು ಸಲ್ಲುತ್ತದೆ, ನಮ್ಮ ಕಾರಿನ ರಿಪೇರಿಗಲ್ಲ. ಖಾಸಗಿ ಕಾರಿಗೆ ಇದೊಂದೇ ಇದ್ದರೆ ಹಿಂದಿನ ಸೀಟಿನಲ್ಲಿ ಕೂತ ಗೆಳೆಯರಿಗೂ ರಕ್ಷಣೆ ಇಲ್ಲ. ಕಾಲೇಜು ಮಕ್ಕಳು ಒಬ್ಬರೇ ಹೋಗುವುದು ಅಪರೂಪ, ಆದ್ದರಿಂದ ಹೊಸ ಚಾಲಕರಿರುವ ಮನೆಗೆ ಸ್ವಂತ ಕಾರಿನ ಹಾನಿಯೂ ಸೇರಿದ ಫುಲ್ ಇನ್ಶೂರೆನ್ಸೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತೂತು ಯಾರ ಕಣ್ಣಿಗೂ ಬೀಳುವುದಿಲ್ಲ. ಪಾಲಿಸಿಯಲ್ಲಿರುವ 15 ಲಕ್ಷದ ‘ಓನರ್ ಡ್ರೈವರ್’ ಅಪಘಾತ ವಿಮೆ ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರದಲ್ಲಿ) ಹೆಸರಿರುವ ಮಾಲಿಕರಿಗೆ ಮಾತ್ರ. ಅಪ್ಪನ ಕಾರನ್ನು ಮಗ ಓಡಿಸಿ ಪೆಟ್ಟು ಮಾಡಿಕೊಂಡರೆ ಆ ಹಣ ಅವನಿಗೆ ಬರುವುದಿಲ್ಲ. ಎರವಲು ತಂದ ಬೈಕು ಓಡಿಸುವಾಗ ಸತ್ತವರ ಕುಟುಂಬವೊಂದು ಪರಿಹಾರ ಕೇಳಿದ ಕರ್ನಾಟಕದ ಪ್ರಕರಣದಲ್ಲಿ, ಎರವಲು ಪಡೆದವರು ಮಾಲಿಕರ ಜಾಗದಲ್ಲೇ ನಿಲ್ಲುತ್ತಾರೆ, ಥರ್ಡ್ ಪಾರ್ಟಿ ಆಗುವುದಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಗನ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಲೈಸನ್ಸ್ ಇಲ್ಲದವನು ಗುದ್ದಿದ್ದಾದರೆ ಸ್ವಂತ ಕಾರಿನ ಕ್ಲೇಮು ಹೋಗುತ್ತದೆ. ಗಾಯಗೊಂಡವರಿಗೆ ಕಂಪನಿ ಕೊಟ್ಟ ಪರಿಹಾರವನ್ನು ನಿಮ್ಮಿಂದಲೇ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಆ ಮೊತ್ತಕ್ಕೆ ತೋಟವೇ ಮಾರಬೇಕಾದೀತು.

ಕಾರು ಕಲಿಯುವ ಕಾಲದಲ್ಲಿ ಗೀರುಗಳು ಖಂಡಿತ. ಪ್ರತಿಯೊಂದಕ್ಕೂ ಕ್ಲೇಮು ಹಾಕಬೇಡಿ. ಕ್ಲೇಮಿಲ್ಲದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ 20, 25, 35, 45, ಕೊನೆಗೆ 50 ಶೇಕಡಾ ರಿಯಾಯಿತಿ ಏರುತ್ತದೆ, ಒಂದೇ ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ. ಆ ಭಾಗದ ಪ್ರೀಮಿಯಂ 8,000 ಎಂದಿಟ್ಟುಕೊಳ್ಳಿ. 50 ಶೇಕಡಾ ರಿಯಾಯಿತಿ ಎಂದರೆ 4,000 ಉಳಿತಾಯ. ಬಂಪರಿನ 3,000 ರೂಪಾಯಿ ಪೇಂಟಿಗಾಗಿ ಅದನ್ನು ಕಳೆದುಕೊಳ್ಳುವುದು ಯಾಕೆ? ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ರಿಯಾಯಿತಿ ಹೋಗುತ್ತದೆ.

‘ಬಂಪರ್ ಟು ಬಂಪರ್’ (ಬಿಡಿಭಾಗ ಹಳೆಯದೆಂದು ಕ್ಲೇಮಿನಲ್ಲಿ ಕಡಿತ ಮಾಡದ ವಿಮೆ) ಇದೆ ಎಂದು ನಿಶ್ಚಿಂತರಾಗುವವರಿಗೆ ನನ್ನದೇ ಕಥೆ. ಒಂದು ಮಳೆಯಲ್ಲಿ ಅಂಡರ್‌ಪಾಸಿನ ನೀರಿಗೆ ಕಾರು ಇಳಿಸಿದೆ, ಇಂಜಿನ್ ನಿಂತಿತು, ಮತ್ತೆ ಮತ್ತೆ ಸ್ಟಾರ್ಟ್ ಮಾಡಿದೆ. ನೀರು ಒಳಗೆ ಹೋಗಿ ಇಂಜಿನ್ ಕೆಟ್ಟಿತು. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿಲ್ಲವೆಂದು ಕಂಪನಿ ಕೈಚೆಲ್ಲಿತು. ನಮ್ಮ ಮಳೆಗೆ ಅದು ಬೇಕು. ನೀರಿನಲ್ಲಿ ನಿಂತ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದೆಂದು ಮಕ್ಕಳಿಗೂ ಹೇಳಿಡಿ.

ಕೆಎ ನಂಬರಿನ ಕಾರು ಕೇರಳದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವುದಾದರೆ ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು. ಕಾಸರಗೋಡಿನ ಕೆಎಲ್ 14 ನಂಬರ್ ಸಿಕ್ಕಿದ ಮೇಲೆ ಹೊಸ ನಂಬರನ್ನೂ ವಿಳಾಸವನ್ನೂ ಪಾಲಿಸಿಯಲ್ಲಿ ತಿದ್ದಿಸುವುದನ್ನು ಮರೆಯುವವರೇ ಹೆಚ್ಚು. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. 2023ರ ಜೂನ್‌ನಿಂದ ಕೇರಳದ ರಸ್ತೆಗಳಲ್ಲಿ ಎಐ ಕ್ಯಾಮರಾಗಳು ಸೀಟ್ ಬೆಲ್ಟ್, ಹೆಲ್ಮೆಟ್, ಫೋನು, ಬೈಕಿನಲ್ಲಿ ಮೂವರು, ಎಲ್ಲವನ್ನೂ ಹಿಡಿಯುತ್ತಿವೆ. ಚಲನ್ ಬರುವುದು ಮಗನಿಗಲ್ಲ, ಆರ್‌ಸಿಯ ಮಾಲಿಕರಿಗೆ.

ಅಪಘಾತವಾದರೆ ಮೊದಲು 112. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸದೆ ಜಾಗ ಬಿಟ್ಟು ಓಡಬಾರದು, ಜನ ಸೇರಿ ಗಲಾಟೆಯಾದರೆ ನೇರ ಠಾಣೆಗೆ ಹೋಗಲಿ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಇದೆ. ವಾಹನ ಸರಿಸುವ ಮೊದಲು ಫೋಟೊ ತೆಗೆಯಿರಿ, ಅದೇ ದಿನ ಕಂಪನಿಗೆ ತಿಳಿಸಿ. ಇಲ್ಲಿ ಕ್ಲೇಮಿಗೆ ಪೊಲೀಸರ ‘ಜಿಡಿ ಎಂಟ್ರಿ’ (ಠಾಣೆಯ ದಿನಚರಿಯಲ್ಲಿ ಮಾಡಿದ ದಾಖಲೆ) ಕೇಳುವುದು ಸಾಮಾನ್ಯ. ತಲಪಾಡಿಯ ಆಸುಪಾಸಿನಲ್ಲಾದರೆ ಗಡಿಯ ಯಾವ ಬದಿ ಎಂದು ಮೊದಲು ನೋಡಿ: ಈಚೆಯಾದರೆ ಮಂಜೇಶ್ವರ ಠಾಣೆ, ಆಚೆಯಾದರೆ ಉಳ್ಳಾಲ.